ಕಾರ್ಡ್ ತೆಗೆಯಿರಿ, ಫೋಟೊ ನೀವೇ ಕಾಪಿ ಮಾಡಿ

ಕೇಬಲ್ ಸಿಕ್ಕಿಸಿದರೂ ಕ್ಯಾಮೆರಾದ ಫೋಟೊಗಳು ಮನೆಯ ಕಂಪ್ಯೂಟರಿಗೆ ಬಾರದೆ ಹೋದಾಗ ಬಹಳಷ್ಟು ಮಂದಿ ದೂಷಿಸಿಕೊಳ್ಳುವುದು ತಮ್ಮನ್ನೇ. ‘ನಮಗಿದೆಲ್ಲ ತಿಳಿಯೋದಿಲ್ಲ’ ಎಂದು ಮಗನೋ ಮೊಮ್ಮಗಳೋ ಊರಿಗೆ ಬರುವವರೆಗೆ ಕಾಯುತ್ತಾರೆ, ಇಲ್ಲವೇ ಕಂಪ್ಯೂಟರ್ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಮಾಡಿಸಿಕೊಳ್ಳುತ್ತಾರೆ. ಈ ತೊಂದರೆಗಳ ಕಾರಣಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಬಳಸುವವರ ತಪ್ಪು ತೀರಾ ಕಡಿಮೆ. ಫೋಟೊಗೂ ಕಂಪ್ಯೂಟರಿಗೂ ನಡುವೆ ಕೇಬಲ್, ಡ್ರೈವರ್, ‘ಇಂಪೋರ್ಟ್’ ಪ್ರೋಗ್ರಾಂ ಎಂದು ಒಂದರ ಮೇಲೊಂದು ಪದರ ಸೇರಿಕೊಂಡಿವೆ. ಕೈಕೊಡುವುದು ಹೆಚ್ಚಾಗಿ ಇವೇ. ಮೆಮೊರಿ ಕಾರ್ಡನ್ನು ಹೊರತೆಗೆದು, ಕಾರ್ಡ್ ರೀಡರಿನಲ್ಲಿ ಹಾಕಿ, ಫೈಲುಗಳನ್ನು ನಾವೇ ಕಾಪಿ ಮಾಡಿಕೊಳ್ಳುವುದು ಮನೆಮಂದಿಗೆ ಎಲ್ಲಕ್ಕಿಂತ ಸರಿಯಾದ ಕ್ರಮ ಎಂಬುದು ನನ್ನ ವಾದ.

ಈ ದಾರಿಯನ್ನು ಮಾಡಿಕೊಟ್ಟವರು ಕ್ಯಾಮೆರಾ ಉದ್ಯಮದವರೇ. ಡಿಜಿಟಲ್ ಕ್ಯಾಮೆರಾದ ಫೈಲುಗಳು ಹೇಗಿರಬೇಕೆಂದು ಹೇಳುವ ಡಿಸಿಎಫ್ ಎಂಬ ನಿಯಮ 1998ರಲ್ಲಿ ಜಪಾನಿನಲ್ಲಿ ರೂಪುಗೊಂಡಿತು. ಅದರ ಪ್ರಕಾರ ಕಾರ್ಡಿನಲ್ಲಿ ‘ಡಿಸಿಐಎಂ’ ಹೆಸರಿನ ಫೋಲ್ಡರ್ ಇರುತ್ತದೆ, ಅದರೊಳಗೆ 100ರಿಂದ 999ರವರೆಗಿನ ಅಂಕಿಯಿಂದ ಶುರುವಾಗುವ ಫೋಲ್ಡರುಗಳು, ಅವುಗಳೊಳಗೆ ನಾಲ್ಕು ಅಕ್ಷರ ಮತ್ತು ನಾಲ್ಕಂಕಿಯ ಹೆಸರು ಹೊತ್ತ ಫೋಟೊಗಳು. ಕ್ಯಾನನ್ ಆಗಲಿ, ನಿಕಾನ್ ಆಗಲಿ, ಸೋನಿಯಾಗಲಿ, ವ್ಯವಸ್ಥೆ ಇದೇ. ಮಾರುಕಟ್ಟೆಯಲ್ಲಿ ಎದುರಾಳಿಗಳಾದ ಕಂಪನಿಗಳು ಇಷ್ಟೊಂದು ಒಮ್ಮತಕ್ಕೆ ಬರುವುದು ಅಪರೂಪ. ಇಂಪೋರ್ಟ್ ಪ್ರೋಗ್ರಾಂಗಳ ಕಥೆ ಬೇರೆ. ಕೊಡ್ಯಾಕ್ ಕಂಪನಿಯ ಈಸಿಶೇರ್ ಒಂದು ಕಾಲಕ್ಕೆ ಮನೆಮಾತಾಗಿತ್ತು, ಈಗಿಲ್ಲ. ಲಕ್ಷಾಂತರ ಜನ ನೆಚ್ಚಿಕೊಂಡಿದ್ದ ಪಿಕಾಸಾವನ್ನು ಗೂಗಲ್ 2016ರಲ್ಲಿ ನಿಲ್ಲಿಸಿತು. ಪ್ರೋಗ್ರಾಂಗಳು ಬಂದು ಹೋದವು. ಡಿಸಿಐಎಂ ಫೋಲ್ಡರ್ ಇಂದಿನ ಕ್ಯಾಮೆರಾಗಳಲ್ಲೂ ಮೊಬೈಲುಗಳಲ್ಲೂ ಹಾಗೆಯೇ ಇದೆ.

ಕೇಬಲ್ಲಿನ ಸಮಸ್ಯೆಗಳನ್ನೇ ನೋಡಿ. ನೋಡಲು ಒಂದೇ ಥರ ಇರುವ ಯುಎಸ್‌ಬಿ ಕೇಬಲ್ಲುಗಳಲ್ಲಿ ಕೆಲವು ಚಾರ್ಜ್ ಮಾಡಲು ಮಾತ್ರ. ಡೇಟಾ ಸಾಗಿಸುವ ತಂತಿಗಳೇ ಅವುಗಳ ಒಳಗಿರುವುದಿಲ್ಲ. ಹೊರಗಿನಿಂದ ಇದನ್ನು ಗುರುತಿಸಲಾಗದು, ಪ್ಯಾಕೆಟ್ಟಿನ ಮೇಲೂ ಎಷ್ಟೋ ಸಲ ಬರೆದಿರುವುದಿಲ್ಲ. ಹಳೆಯ ಕ್ಯಾಮೆರಾಗಳಲ್ಲಿ ಒಂದೊಂದು ಕಂಪನಿಗೆ ಒಂದೊಂದು ಬಗೆಯ ಕೇಬಲ್, ಅದು ಕಳೆದುಹೋದರೆ ಮತ್ತೊಂದು ಸಿಗುವುದು ಕಷ್ಟ. ಕೇಬಲ್ ಸರಿಯಿದ್ದರೂ ಕ್ಯಾಮೆರಾ ಮಾತಾಡುವ ರೀತಿ ಎರಡು. ಒಂದರಲ್ಲಿ ಅದು ಪೆನ್‌ಡ್ರೈವಿನಂತೆ ಕಾಣಿಸುತ್ತದೆ, ಪಿಟಿಪಿ ಎಂಬ ಇನ್ನೊಂದರಲ್ಲಿ ಡ್ರೈವ್ ಆಗಿ ಕಾಣದೆ ಪ್ರತ್ಯೇಕ ಸಾಧನವಾಗಿ ತೋರುತ್ತದೆ. ‘ಡಿ’ ಡ್ರೈವು, ‘ಇ’ ಡ್ರೈವು ಎಂದು ಹುಡುಕುವವರಿಗೆ ಅದು ಕಣ್ಣಿಗೇ ಬೀಳುವುದಿಲ್ಲ. ಇದರ ಮೇಲೆ ಕಾಪಿ ಆಗುತ್ತಿರುವಾಗಲೇ ಬ್ಯಾಟರಿ ಮುಗಿದು ಕ್ಯಾಮೆರಾ ಆಫ್ ಆಗುವುದೂ ಉಂಟು. ಕಾರ್ಡ್ ರೀಡರ್ ಬಳಸಿದರೆ ಇಷ್ಟೂ ತಾಪತ್ರಯ ಒಟ್ಟಿಗೇ ತೀರುತ್ತದೆ, ಕ್ಯಾಮೆರಾದ ಬ್ಯಾಟರಿಯ ಹಂಗೂ ಇರುವುದಿಲ್ಲ.

ಕಾರ್ಡ್ ರೀಡರಿಗೂ ತನ್ನದೇ ತೊಡಕು ಇದೆ, ಅದನ್ನು ಮುಚ್ಚಿಡಬಾರದು. 2006ರಲ್ಲಿ ಬಂದ ಎಸ್‌ಡಿಎಚ್‌ಸಿ ಕಾರ್ಡುಗಳು 32 ಜಿಬಿವರೆಗಿನವು, 2009ರ ಎಸ್‌ಡಿಎಕ್ಸ್‌ಸಿ ಅದಕ್ಕೂ ದೊಡ್ಡವು. ಹಳೆಯ ಎಸ್‌ಡಿ ಕಾರ್ಡೂ ಸೇರಿ ಮೂರರ ಆಕಾರವೂ ಒಂದೇ ಆದ್ದರಿಂದ ಹೊಸ ಕಾರ್ಡು ಹಳೆಯ ರೀಡರಿನಲ್ಲಿ ಸಲೀಸಾಗಿ ಕೂರುತ್ತದೆ, ಆದರೆ ರೀಡರ್ ಅದನ್ನು ಓದಲಾರದೆ ಹೋಗಬಹುದು. ಆಗ ಕಂಪ್ಯೂಟರ್ ಕೇಳುವ ಪ್ರಶ್ನೆ ಅಪಾಯಕಾರಿ: ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ? ಗಾಬರಿಯಲ್ಲಿ ‘ಸರಿ’ ಒತ್ತಿ ಮದುವೆ, ನಾಮಕರಣದ ಫೋಟೊಗಳನ್ನು ಕಳೆದುಕೊಂಡ ಕುಟುಂಬಗಳಿವೆ. ಅಲ್ಲಿ ಉತ್ತರ ಯಾವಾಗಲೂ ‘ಬೇಡ’. ಕಾರ್ಡನ್ನು ತೆಗೆದು ಬೇರೊಂದು ರೀಡರಿನಲ್ಲಿ ನೋಡಬೇಕು. ಕಾರ್ಡೇ ಕೆಟ್ಟಿದ್ದರೂ, ಅಥವಾ ಫೋಟೊಗಳು ಅಳಿಸಿಹೋಗಿದ್ದರೂ ಆಸೆ ಬಿಡಬೇಕಿಲ್ಲ. ಅಳಿಸಿದ ಫೋಟೊದ ಜಾಗದಲ್ಲಿ ಹೊಸದು ಬಂದು ಕೂರುವವರೆಗೆ ಅದನ್ನು ಮರಳಿ ಪಡೆಯುವ ಸಾಧ್ಯತೆ ಇರುತ್ತದೆ, ಅದಕ್ಕಾಗಿ ಫೋಟೊರೆಕ್‌ನಂಥ ಉಚಿತ ತಂತ್ರಾಂಶಗಳೂ ಇವೆ. ಆ ಕಾರ್ಡಿನಲ್ಲಿ ಮತ್ತೆ ಫೋಟೊ ತೆಗೆಯದಿರುವುದು ಮಾತ್ರ ಮುಖ್ಯ.

ಇಂಪೋರ್ಟ್ ಪ್ರೋಗ್ರಾಂಗಳು ದಿನಾಂಕವಾರು ಜೋಡಿಸಿಕೊಡುತ್ತವೆ, ಒಮ್ಮೆ ತಂದ ಫೋಟೊವನ್ನು ಮತ್ತೆ ತರುವುದಿಲ್ಲ, ಅಂಥ ಅನುಕೂಲವನ್ನು ಯಾಕೆ ಬಿಡಬೇಕು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ, ಸಾವಿರಗಟ್ಟಲೆ ಫೋಟೊ ತೆಗೆಯುವ ಸ್ಟುಡಿಯೊದವರಿಗೆ ಅವು ಬೇಕು. ಆದರೆ ಆ ದಿನಾಂಕ ಬರುವುದು ಕ್ಯಾಮೆರಾದ ಗಡಿಯಾರದಿಂದ. ಬಹಳ ದಿನ ಬ್ಯಾಟರಿ ಇಲ್ಲದೆ ಇಟ್ಟ ಕ್ಯಾಮೆರಾದ ಗಡಿಯಾರ ಮೊದಲ ಸ್ಥಿತಿಗೆ ಮರಳಿರುತ್ತದೆ. ಆಗ ಈ ವರ್ಷದ ಯುಗಾದಿಯ ಫೋಟೊಗಳು ಎಷ್ಟೋ ವರ್ಷ ಹಿಂದಿನ ಜನವರಿಯ ಫೋಲ್ಡರಿಗೆ ಸೇರಿ, ‘ಫೋಟೊ ಬಂದೇ ಇಲ್ಲ’ ಎಂದು ಮನೆಯವರು ಹುಡುಕಾಡುತ್ತಾರೆ. ಇಂಪೋರ್ಟ್ ಆದ ಮೇಲೆ ಕಾರ್ಡಿನಿಂದ ಅಳಿಸುವ ಆಯ್ಕೆಯೂ ಅಲ್ಲೇ ಇರುತ್ತದೆ, ಅದು ಆನ್ ಆಗಿದ್ದರೆ ಪರಿಶೀಲಿಸುವ ಮೊದಲೇ ಮೂಲ ಪ್ರತಿ ಹೋಗಿಬಿಡುತ್ತದೆ. ಕೈಯಾರೆ ಕಾಪಿ ಮಾಡುವವರೂ ಒಂದು ಎಚ್ಚರ ವಹಿಸಬೇಕು. ಫೈಲಿನ ಅಂಕಿ 9999 ಮುಟ್ಟಿದ ಮೇಲೆ ಮತ್ತೆ 0001ರಿಂದ ಶುರುವಾಗುವುದರಿಂದ, ಎಲ್ಲವನ್ನೂ ಒಂದೇ ಫೋಲ್ಡರಿಗೆ ಸುರಿದರೆ ಹೊಸದು ಹಳೆಯದನ್ನು ಅಳಿಸಬಹುದು. ‘2024 ದಸರಾ ಮೈಸೂರು’ ಎಂದು ಪ್ರತಿಸಲವೂ ಬೇರೆ ಫೋಲ್ಡರ್ ಮಾಡಿದರೆ ಸಾಕು. ಹೆಸರು ಕನ್ನಡದಲ್ಲೇ ಇರಬಹುದು.

ಈಗ ಎಲ್ಲರ ಕ್ಯಾಮೆರಾ ಮೊಬೈಲೇ, ಅದರಲ್ಲಿ ತೆಗೆಯುವ ಕಾರ್ಡೇ ಇಲ್ಲವಲ್ಲ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಅಲ್ಲಿ ನೇರ ದಾರಿ ನಿಜವಾಗಿಯೂ ಕಿರಿದಾಗಿದೆ. ಆಂಡ್ರಾಯ್ಡ್ ಫೋನು ಜೋಡಿಸಿದಾಗ ಸಾಮಾನ್ಯವಾಗಿ ಚಾರ್ಜ್ ಮಾತ್ರ ಆಗುತ್ತದೆ. ಲಾಕ್ ತೆಗೆದು ‘ಫೈಲ್ ಟ್ರಾನ್ಸ್‌ಫರ್’ ಆರಿಸಬೇಕು. ಐಫೋನಿನಲ್ಲಿ ಕಂಪ್ಯೂಟರನ್ನು ನಂಬುವುದಾಗಿ ಒಪ್ಪಿಗೆ ಕೊಡಬೇಕು. 2017ರಿಂದ ಅದು ಫೋಟೊಗಳನ್ನು ಎಚ್‌ಇಐಸಿ ರೂಪದಲ್ಲಿ ಉಳಿಸುತ್ತದೆ; ವಿಂಡೋಸಿಗೆ ಕಳಿಸುವಾಗ ಜೆಪೆಗ್‌ಗೆ ಬದಲಿಸಲು ಹೋಗಿ ಎಷ್ಟೋ ಸಲ ಮಧ್ಯದಲ್ಲೇ ನಿಲ್ಲುತ್ತದೆ. ಫೋಟೊ ಸೆಟ್ಟಿಂಗಿನಲ್ಲಿ ‘ಕೀಪ್ ಒರಿಜಿನಲ್ಸ್’ ಆರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ, ಆದರೆ ಇದನ್ನು ಜನ ತಾವಾಗಿಯೇ ಊಹಿಸುವುದಾದರೂ ಹೇಗೆ? ಕ್ಲೌಡ್ ಇದೆಯಲ್ಲ ಎಂದರೆ, ಅದು ಇನ್ನೊಂದು ಪ್ರತಿ ಇಡಲು ಒಳ್ಳೆಯ ಜಾಗ, ನಿಜ. ಆದರೆ ಉಚಿತ ಜಾಗ ತುಂಬಿದ ಮೇಲೆ ತಿಂಗಳ ಬಾಡಿಗೆ ಶುರುವಾಗುತ್ತದೆ, ಫೋನಿನಲ್ಲಿ ಜಾಗ ಉಳಿಸುವ ಆಯ್ಕೆ ಒತ್ತಿದವರ ಮೂಲ ಫೋಟೊ ಫೋನಿನಲ್ಲೇ ಇರದೆ ಹೋಗುತ್ತದೆ.

ಆದ್ದರಿಂದ ಜನರಿಗೆ ಹೇಳಬೇಕಾದಷ್ಟೇ ಕಂಪನಿಗಳಿಗೂ ಹೇಳಬೇಕಾದದ್ದಿದೆ. ಮೊಬೈಲು, ಡಿಜಿಟಲ್ ಕ್ಯಾಮೆರಾ ಎರಡಕ್ಕೂ ಯುಎಸ್‌ಬಿ ಟೈಪ್-ಸಿ ಕಿಂಡಿಯನ್ನು ಯುರೋಪಿಯನ್ ಒಕ್ಕೂಟ 2024ರ ಡಿಸೆಂಬರ್ 28ರಿಂದ ಕಡ್ಡಾಯ ಮಾಡಿದೆ. ಒಳ್ಳೆಯ ಹೆಜ್ಜೆ, ಆದರೆ ಕಿಂಡಿ ಒಂದೇ ಆದ ಮಾತ್ರಕ್ಕೆ ಫೋಟೊ ದಾಟಿ ಬರುವುದಿಲ್ಲ. ಡೇಟಾ ಸಾಗಿಸುತ್ತದೆಯೋ ಇಲ್ಲವೋ ಎಂಬುದನ್ನು ಪ್ರತಿ ಕೇಬಲ್ಲಿನ ಮೇಲೂ ಮುದ್ರಿಸಬೇಕು. ಫೋನು ಜೋಡಿಸಿದಾಗ ಏನು ಒತ್ತಬೇಕೆಂದು ಪರದೆಯ ಮೇಲೆ ಕನ್ನಡದಲ್ಲೇ ಸ್ಪಷ್ಟವಾಗಿ ಬರಬೇಕು. ನಮ್ಮ ಗ್ರಾಹಕ ಸಂಘಟನೆಗಳು ಇದನ್ನು ಕೇಳಲು ಯಾವ ಅಡ್ಡಿಯೂ ಇಲ್ಲ.

ಅಲ್ಲಿಯವರೆಗೆ ಮನೆಯಲ್ಲಿರುವ ಕಾರ್ಡುಗಳ ಬಗ್ಗೆ ಅಲಕ್ಷ್ಯ ಬೇಡ. ಮೆಮೊರಿ ಕಾರ್ಡು ಶಾಶ್ವತ ಭಂಡಾರವಲ್ಲ. ವಿದ್ಯುತ್ ಸಂಪರ್ಕವಿಲ್ಲದೆ ವರ್ಷಗಟ್ಟಲೆ ಇಟ್ಟರೆ ಅದರಲ್ಲಿನ ಮಾಹಿತಿ ಕ್ರಮೇಣ ಕ್ಷೀಣಿಸಬಹುದು. ಈ ವಾರವೇ ಒಂದು ಕಾರ್ಡ್ ರೀಡರ್ ತಂದು ಡಿಸಿಐಎಂ ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿ, ಕೆಲವು ಫೋಟೊ ತೆರೆದು ನೋಡಿ, ಇನ್ನೊಂದು ಪ್ರತಿಯನ್ನು ಬೇರೆ ಹಾರ್ಡ್ ಡಿಸ್ಕಿನಲ್ಲಿಡಿ. ಎರಡೂ ಕಡೆ ಇವೆ ಎಂದು ಖಾತ್ರಿಯಾಗುವವರೆಗೆ ಕಾರ್ಡಿನಿಂದ ಏನನ್ನೂ ಅಳಿಸಬೇಡಿ.