ಪರಾಗವಿಲ್ಲದ ಹೂವು ಯಾರ ಲಾಭಕ್ಕೆ?

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಹೊಗೆಸೊಪ್ಪಿನ ಬೆಳೆಗಾರನಿಗೆ ಸಂಕರ ಬೀಜವನ್ನು ವರವೆಂದು ಬಣ್ಣಿಸುವವರು ಅದರ ಹೂವಿನ ವಿಷಯವನ್ನು ಮಾತ್ರ ಎತ್ತುವುದಿಲ್ಲ.

ಹೊಗೆಸೊಪ್ಪು ತನ್ನ ಪರಾಗದಿಂದಲೇ ತಾನು ಫಲಿಸುವ ಗಿಡ. ಎಲೆ ಬಲಿಯಲೆಂದು ರೈತ ಹೊಲದ ಗಿಡಗಳ ಕುಡಿ ಮುರಿಯುತ್ತಾನೆ. ನಾಲ್ಕಾರು ಒಳ್ಳೆಯ ಗಿಡಗಳನ್ನು ಹೂವಿಗೆ ಬಿಟ್ಟು, ಹೂಗೊಂಚಲಿಗೆ ಬಟ್ಟೆಯ ಚೀಲ ಕಟ್ಟಿದರೆ ಶುದ್ಧ ಬೀಜ ಸಿಕ್ಕಿತು. ಒಂದು ಗ್ರಾಂ ತೂಕದಲ್ಲಿ ಸುಮಾರು 10,000 ಬೀಜಗಳು! ಬಹುಕಾಲ ಈ ಸೀಮೆಯನ್ನಾಳಿದ ಕಾಂಚನ್ ಇಂಥ ಸ್ಥಿರ ತಳಿಯೇ. ಬೀಜಕ್ಕಾಗಿ ಪರರ ಬಾಗಿಲಿಗೆ ಹೋಗಬೇಕಾದ ಅನಿವಾರ್ಯತೆಯನ್ನು ಪ್ರಕೃತಿ ನಿರ್ಮಿಸಿರಲಿಲ್ಲ.

ಅದನ್ನು ನಿರ್ಮಿಸುವುದು ಸಂಕರ ತಳಿ. ಎರಡು ತಳಿಗಳನ್ನು ಕೂಡಿಸಲು ತಾಯಿಹೂವಿನ ಪರಾಗಕೋಶಗಳನ್ನು ಒಂದೊಂದಾಗಿ ಕೀಳಬೇಕು. ಆ ಶ್ರಮ ಉಳಿಸಲು ಗಂಡುಬಂಜೆ ಗಿಡವನ್ನು ತಾಯಿಯಾಗಿ ಬಳಸುತ್ತಾರೆ. ನಿಕೋಟಿಯಾನ ಸುವಾವಿಯೋಲೆನ್ಸ್‌ನಂಥ ಕಾಡು ಪ್ರಭೇದಕ್ಕೆ ಕೃಷಿ ತಳಿಯ ಪರಾಗವನ್ನೇ ಹಲವು ತಲೆಮಾರು ಕೊಟ್ಟರೆ ಗಿಡದ ರೂಪವೆಲ್ಲ ಕೃಷಿ ತಳಿಯದಾಗುತ್ತದೆ. ಕೋಶರಸ ಮಾತ್ರ ಕಾಡಿನದಾಗಿ ಉಳಿಯುತ್ತದೆ. ಈ ಹೊಂದದ ಕೂಟದಲ್ಲಿ ಕೇಸರ ಕೆಡುತ್ತದೆ, ಅಂಡಾಶಯ ಉಳಿಯುತ್ತದೆ. ಕೋಶರಸ ತಾಯಿಯಿಂದ ಬರುವುದರಿಂದ ಮಕ್ಕಳೂ ಗಂಡುಬಂಜೆಗಳೇ. ಜೋಳ, ಸೂರ್ಯಕಾಂತಿಗಳಲ್ಲಿ ಕಾಳು ಬೇಕು. ಅಲ್ಲಿ ಪರಾಗಶಕ್ತಿಯನ್ನು ಮರಳಿಸುವ ತಂದೆತಳಿಯನ್ನು ಹುಡುಕುತ್ತಾರೆ. ಇಲ್ಲಿ ಬೇಕಾದದ್ದು ಎಲೆ. ಆ ಗೋಜೇ ಬೇಡ! ರೈತ ಚೀಲ ಕಟ್ಟಿದ ಹೂವು ಬೀಜ ಕಟ್ಟದೆ ಉದುರುತ್ತದೆ.

2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ 39ನೇ ಕಲಮು ಬೀಜವನ್ನು ಉಳಿಸುವ, ಮರಳಿ ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ಕಾಯಿದೆ ಕೊಟ್ಟದ್ದನ್ನು ಹೂವೇ ಕಸಿದರೆ ದೂರು ಯಾರ ಮೇಲೆ?

ಇಳುವರಿ ಹೆಚ್ಚುವುದಲ್ಲವೇ ಎನ್ನುವಿರಿ. ತಂಬಾಕು ಮಂಡಳಿ ವರ್ಷವರ್ಷವೂ ಬೆಳೆಯ ಪ್ರಮಾಣವನ್ನು ನಿಗದಿ ಮಾಡುತ್ತದೆ. ಮಿತಿ ಮೀರಿದ ಸೊಪ್ಪಿಗೆ ದಂಡದ ಭಯ, ಕೆಲವು ವರ್ಷ ಕೇಂದ್ರ ಸರ್ಕಾರ ಮನ್ನಾ ಮಾಡಿದೆಯೆನ್ನಿ. ಹೆಚ್ಚು ಸೊಪ್ಪೆಂದರೆ ಬ್ಯಾರನ್ನಿಗೆ ಹೆಚ್ಚು ಸೌದೆ. ನಾಗರಹೊಳೆಯ ಅಂಚಿನಲ್ಲಿ ಬದುಕುವವರಿಗೆ ಆ ಲೆಕ್ಕವನ್ನು ಬಿಡಿಸಿ ಹೇಳಬೇಕಿಲ್ಲ. 2004ರಲ್ಲಿ ಭಾರತ ಅನುಮೋದಿಸಿದ ತಂಬಾಕು ನಿಯಂತ್ರಣ ಒಪ್ಪಂದ ಬೆಳೆಗಾರನಿಗೆ ಬದಲಿ ಜೀವನೋಪಾಯಕ್ಕೆ ನೆರವಾಗಿರೆನ್ನುತ್ತದೆ. ಹೊಸ ಬೀಜದ ಸಾಲಕ್ಕೆ ಕೊರಳೊಡ್ಡಿರೆನ್ನುವುದಿಲ್ಲ.

ಸೊರಗು ರೋಗವನ್ನು ತಾಳುವ ಗಿಡ ಬೇಕೆಂಬುದು ನಿಜ. ಆ ಗುಣವನ್ನು ಸ್ಥಿರ ತಳಿಗೂ ತುಂಬಬಹುದು. ಹುಣಸೂರಿನ ತಂಬಾಕು ಸಂಶೋಧನಾ ಕೇಂದ್ರ ಸಾರ್ವಜನಿಕ ಹಣದಿಂದ ನಡೆಯುವುದು. ಅಲ್ಲಿ ಮೊದಲ ಆದ್ಯತೆ ಸ್ಥಿರ ತಳಿಗಳಿಗೆ ಸಲ್ಲಬೇಕು. ಸಂಕರ ಬೀಜ ಮಾರುವವರು ಪೊಟ್ಟಣದ ಮೇಲೆ ‘ಈ ಗಿಡ ಗಂಡುಬಂಜೆ, ಇದರ ಬೀಜ ಇಡಲಾಗದು’ ಎಂದು ಕನ್ನಡದಲ್ಲಿ ಅಚ್ಚು ಹಾಕಲಿ. ಸಸಿಮಡಿ ಹಾಕುವ ಮುನ್ನವೇ ಸ್ಥಿರ ತಳಿಯ ಬೀಜವೂ ರೈತನ ಕೈಗೆಟುಕಲಿ.