ಅಳೆಯುವ ಸೇರು ಯಾರದು?

ನಮ್ಮ ಕೇರಿಯ ಹುಡುಗ ಕತೆ ಬರೆದು ತಂದರೆ ಪಂಡಿತರು ಮೊದಲು ಕೇಳುವುದು ಒಂದೇ: ಇದರಲ್ಲಿ ನಡೆದದ್ದೆಷ್ಟು, ಕಟ್ಟಿದ್ದೆಷ್ಟು? ನಡೆದದ್ದೇ ಎಂದರೆ, ಇದು ವರದಿ ಕಣಯ್ಯಾ, ಸಾಹಿತ್ಯ ಅಲ್ಲ ಅಂತಾರೆ. ಕಟ್ಟಿದ್ದು ಎಂದರೆ, ಹಂಗಾದ್ರೆ ಸುಳ್ಳು ಅಂತಾರೆ. ಕೊಡುವಾಗ ಒಂದು ಸೇರು, ಅಳೆದುಕೊಳ್ಳುವಾಗ ಇನ್ನೊಂದು ಸೇರು. ಧಣಿಗಳ ಕಣದಲ್ಲಿ ನಾವು ಇದನ್ನು ಕಂಡವರೇ.

ಅಳೆಯೋಣ. ಆದರೆ ಎಲ್ಲ ಬರಹವನ್ನೂ ಅಳೆಯೋಣ.

1968ರ ಡಿಸೆಂಬರ್ 25. ತಮಿಳುನಾಡಿನ ತಂಜಾವೂರು ಸೀಮೆಯ ಕೀಳ್ವೆಣ್ಮಣಿ. ಭತ್ತದ ಕೂಲಿ ಹೆಚ್ಚಿಸಿ ಎಂದು ಸಂಘ ಕಟ್ಟಿದ್ದ ದಲಿತರ ಕೇರಿಗೆ ಬೆಂಕಿ ಬಿತ್ತು. ಗುಡಿಸಲೊಂದರಲ್ಲಿ ಅಡಗಿದ್ದ 44 ಜನ ಬೆಂದುಹೋದರು. ಹೆಚ್ಚಿನವರು ಹೆಂಗಸರು, ಮಕ್ಕಳು.

ಇದರ ಮೇಲೆ ಬಂದ ಎರಡು ಬರಹ ನೋಡಿ. ಒಂದು, ಮದ್ರಾಸ್ ಹೈಕೋರ್ಟಿನ 1973ರ ತೀರ್ಪು. ಅಷ್ಟು ಜಮೀನಿರುವ ಶ್ರೀಮಂತರು, ಕಾರು ಇಟ್ಟವರು, ತಾವೇ ನಡೆದು ಹೋಗಿ ಬೆಂಕಿ ಹಚ್ಚಿದರೆಂದು ನಂಬುವುದು ಕಷ್ಟ ಎಂಬ ತರ್ಕ ಅದರಲ್ಲಿತ್ತು. ಭೂಮಾಲೀಕರು ಬಿಡುಗಡೆಯಾದರು. ಇನ್ನೊಂದು, ಇಂದಿರಾ ಪಾರ್ಥಸಾರಥಿಯವರ 'ಕುರುದಿಪ್ಪುನಲ್' ಕಾದಂಬರಿ. ಅದಕ್ಕೆ 1977ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಈಗ ಹೇಳಿ, ಇವೆರಡರಲ್ಲಿ ಕಟ್ಟುಕತೆ ಯಾವುದು? ಮೊಹರು, ತಾರೀಕು, ಸಾಕ್ಷಿಯ ನಂಬರು ಎಲ್ಲ ಇದ್ದ ಕಾಗದ ದೊಡ್ಡವರ ಕಾಲಿಗೆ ಮಣ್ಣು ಹತ್ತುವುದಿಲ್ಲ ಎಂಬ ಊಹೆಗೆ ಒರಗಿತು. ಕಾದಂಬರಿ ತಾನು ಕಲ್ಪನೆ ಎಂದು ಹೇಳಿಕೊಂಡೇ ಸುಟ್ಟವರ ಕಡೆ ಬೆರಳು ತೋರಿಸಿತು. ಹಾಗಂತ ಕಾದಂಬರಿಗೂ ನಾವು ರಿಯಾಯಿತಿ ಕೊಡುವುದಿಲ್ಲ. ಜಮೀನ್ದಾರನ ಗಂಡಸುತನದ ಕೊರತೆಯನ್ನು ಅದು ಮುಂದಕ್ಕೆ ತಂದಾಗ ಕೂಲಿಯ ಭತ್ತ ಹಿಂದಕ್ಕೆ ಸರಿಯಿತು. ಅಲ್ಲಿ ಅದರ ಅಳತೆಯೂ ಕಮ್ಮಿಯಾಯಿತು.

ದೂರದ ಮಾತು ಅನ್ನಬೇಡಿ. ನಮ್ಮ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು 7 ಮಂದಿ ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಕಾಗದದಲ್ಲಿ 7 ಜನ ಸತ್ತದ್ದು ನಿಜ, ಕೊಂದವರು ಮಾತ್ರ ಯಾರೂ ಇಲ್ಲ! ಇಂಥ ಕತೆಯನ್ನು ಯಾವ ಕತೆಗಾರ ಕಟ್ಟಿಯಾನು?

ಆದ್ದರಿಂದ ನಮ್ಮ ಸೇರು ಇದು. ಬರೆದವನು ಯಾರನ್ನು ಕೇಳಿ ಬರೆದ? ಕೂಲಿ, ನೆಲ, ನೀರಿನ ಲೆಕ್ಕ ಅದರಲ್ಲಿ ಉಂಟೋ? ಊಹಿಸಿದ್ದನ್ನು ಊಹೆ ಎಂದೇ ಒಪ್ಪಿಕೊಂಡನೋ, ಮೊಹರು ಒತ್ತಿ ಸತ್ಯ ಎಂದು ಮಾರಿದನೋ?

ಗೆಳೆಯರೇ, ಹಳ್ಳಿಯ ಮೇಷ್ಟ್ರುಗಳೇ, ಹೆಸರು, ತಾರೀಕು, ಕೂಲಿಯ ಅಳತೆ ತಪ್ಪದೆ ಬರೆದಿಡಿ. ಒಂದು ತಾರೀಕು ತಪ್ಪಿದರೆ ಅವರು ಇಡೀ ಸಾವನ್ನೇ ಸುಳ್ಳು ಅಂತಾರೆ. ಬರೆದಿಟ್ಟ ಮೇಲೆ ಕತೆಯನ್ನೂ ಕಟ್ಟಿ. ಕಟ್ಟಿದ್ದೇವೆ ಎಂದು ಹೇಳಿಕೊಳ್ಳಲು ನಮಗೆ ನಾಚಿಕೆಯಿಲ್ಲ. ನಾಚಬೇಕಾದವರು ಬೇರೆ ಇದ್ದಾರೆ.