ಹೊರಗಿನವರಿಗೆ ನಮ್ಮ ತೆರಿಗೆ ದುಡ್ಡು ಎಷ್ಟು ಹೋಗುತ್ತೆ? ಬಾಬ್ತುವಾರು ಒಂದು ಲೆಕ್ಕ

ಕೆ.ಆರ್.ಪೇಟೆ: ಹೇಮಗಿರಿ, ಬಂಡಿಹೊಳೆ ಕಡೆ ಕಬ್ಬು ಕಟಾವು ಶುರುವಾದರೆ ಸಾಕು, ಟೀ ಅಂಗಡಿಗಳಲ್ಲಿ ಒಂದು ಮಾತು ಬಂದೇ ಬರುತ್ತೆ. ‘ನಾವು ಕಟ್ಟೋ ತೆರಿಗೇಲಿ ಸರ್ಕಾರ ಹೊರಗಿನೋರನ್ನ ಸಾಕ್ತಾ ಐತೆ ಕಣಣ್ಣ’ ಅನ್ನೋ ಮಾತು. ಗದ್ದೆ ಬದಿಯಲ್ಲಿ ಬಳ್ಳಾರಿ ಕಡೆಯವರ ಟಾರ್ಪಾಲಿನ ಗುಡಿಸಲು, ಆಲೆಮನೆಯಲ್ಲಿ ಉತ್ತರ ಪ್ರದೇಶ, ಬಿಹಾರದ ಹುಡುಗರು, ಪೇಟೆಯ ಹೊಸ ಕಟ್ಟಡಗಳಲ್ಲಿ ಇನ್ನೆಲ್ಲಿಂದಲೋ ಬಂದ ಗಾರೆ ಕೆಲಸದವರು. ಇವರಿಗೆಲ್ಲ ರೇಷನ್, ಶಾಲೆ, ಆಸ್ಪತ್ರೆ ಪುಕ್ಕಟೆ, ಹೊರೆ ಮಾತ್ರ ನಮಗೆ ಅನ್ನೋದು ಜನರ ಸಿಟ್ಟು.

ಸಿಟ್ಟು ಸರಿಯೋ ತಪ್ಪೋ ಆಮೇಲೆ ನೋಡೋಣ. ಯಾವ ಖರ್ಚು ಯಾರ ಜೇಬಿನಿಂದ ಹೋಗುತ್ತೆ ಅನ್ನೋದು ಮೊದಲು ಗೊತ್ತಾಗಲಿ.

ಯಾರು ಹೊರಗಿನವರು?

ನಾವು ‘ಹೊರಗಿನವರು’ ಅಂತ ಒಂದೇ ಮಾತಲ್ಲಿ ಹೇಳೋ ಜನರಲ್ಲಿ ಮೂರು ಬಗೆ ಇದ್ದಾರೆ. ಮೊದಲನೆಯವರು ನಮ್ಮ ದೇಶದವರೇ, ಕೆಲಸ ಹುಡುಕಿ ಬಂದವರು. ದೇಶದ ಎಲ್ಲಿ ಬೇಕಾದರೂ ಓಡಾಡುವ, ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಅವರಿಗೆ ಕೊಟ್ಟಿದೆ. ಬಳ್ಳಾರಿಯವರಂತೂ ನಮ್ಮ ರಾಜ್ಯದವರೇ. ಎರಡನೆಯವರು ಸರ್ಕಾರವೇ ಕರೆದು ನೆಲೆ ಕೊಟ್ಟ ನಿರಾಶ್ರಿತರು, ಬೈಲಕುಪ್ಪೆಯ ಟಿಬೆಟಿಯನ್ನರ ಹಾಗೆ. ಮೂರನೆಯವರು ದಾಖಲೆ ಇಲ್ಲದೆ ಬಂದ ವಿದೇಶಿಯರು. ಅದು ಪೊಲೀಸರು, ಕೇಂದ್ರ ಗೃಹ ಇಲಾಖೆ ನೋಡಬೇಕಾದ ವಿಷಯ. ಈ ಮೂವರನ್ನೂ ಒಂದೇ ಚೀಲಕ್ಕೆ ತುಂಬಿದರೆ ಲೆಕ್ಕ ಶುರುವಿನಲ್ಲೇ ತಪ್ಪುತ್ತೆ. ನಮ್ಮ ತಾಲೂಕಿನಲ್ಲಿ ದಿನಾ ಕಣ್ಣಿಗೆ ಬೀಳೋರು ಬಹುಪಾಲು ಮೊದಲನೇ ಗುಂಪಿನವರು.

ರೇಷನ್ ಮತ್ತು ಗ್ಯಾರಂಟಿ

‘ಒಂದು ದೇಶ, ಒಂದು ಪಡಿತರ ಚೀಟಿ’ ಬಂದ ಮೇಲೆ ಬಿಹಾರದ ಕಾರ್ಡು ಇಟ್ಟುಕೊಂಡವರೂ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಧಾನ್ಯ ಪಡೆಯಬಹುದು. ಅವರಿಗೆ ಸಿಗೋದು ಆಹಾರ ಭದ್ರತಾ ಕಾಯ್ದೆಯ ಪಾಲು, ಸಾಮಾನ್ಯ ಕಾರ್ಡಿಗೆ ತಲೆಗೆ 5 ಕೆ.ಜಿ. 2023ರ ಜನವರಿಯಿಂದ ಈ ಧಾನ್ಯದ ಖರ್ಚು ಕೇಂದ್ರ ಸರ್ಕಾರದ್ದು. ಅವರು ಊರಲ್ಲೇ ಇದ್ದಿದ್ದರೂ ಅಷ್ಟನ್ನೇ ತಗೊಳ್ತಿದ್ದರು. ನಮ್ಮ ರಾಜ್ಯ ಅನ್ನಭಾಗ್ಯದಲ್ಲಿ ಕೊಡೋ ಹೆಚ್ಚುವರಿ ಪಾಲು ಕರ್ನಾಟಕದ ಕಾರ್ಡಿಗೆ ಮಾತ್ರ.

ಗ್ಯಾರಂಟಿಗಳೂ ಹಾಗೇ. 2023ರ ಜೂನ್ 11ರಿಂದ ಇರೋ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ವಿಳಾಸದ ಗುರುತಿನ ಚೀಟಿ ಇದ್ದ ಹೆಂಗಸರಿಗಷ್ಟೇ ಉಚಿತ ಪ್ರಯಾಣ. ಬಿಹಾರದಿಂದ ಬಂದ ಹೆಂಗಸು ಟಿಕೆಟ್ ತಗೊಂಡೇ ಬಸ್ ಹತ್ತಬೇಕು. ಗೃಹಲಕ್ಷ್ಮಿಗೂ ರಾಜ್ಯದ ಪಡಿತರ ಚೀಟಿಯೇ ಆಧಾರ.

ಶಾಲೆಯ ಖರ್ಚು

ವಲಸೆ ಬಂದವರ ಮಕ್ಕಳು ಊರಿನ ಸರ್ಕಾರಿ ಶಾಲೆಗೆ ಸೇರಿದರೆ ಎಷ್ಟು ಖರ್ಚು? ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ದಾಖಲೆ ಇಲ್ಲ ಅಂತ ಮಗುವನ್ನು ವಾಪಸ್ ಕಳಿಸೋ ಹಾಗಿಲ್ಲ. ಬಿಸಿಯೂಟಕ್ಕೆ 2025ರ ಮೇ 1ರಿಂದ ಕೇಂದ್ರ ನಿಗದಿ ಮಾಡಿರೋ ಸಾಮಗ್ರಿ ವೆಚ್ಚ, ಕಿರಿಯ ಪ್ರಾಥಮಿಕ ಮಗುವಿಗೆ ದಿನಕ್ಕೆ 6 ರೂಪಾಯಿ 78 ಪೈಸೆ. ಹತ್ತು ಮಕ್ಕಳು 120 ದಿನ ಶಾಲೆಗೆ ಬಂದರು ಅಂತಿಟ್ಟುಕೊಳ್ಳಿ. ಒಟ್ಟು 8,136 ರೂಪಾಯಿ. ಇದರಲ್ಲಿ ಶೇ. 60 ಕೇಂದ್ರದ್ದು, ಶೇ. 40 ರಾಜ್ಯದ್ದು. ರಾಜ್ಯದ ಪಾಲಿಗೆ ಬರೋದು ಸುಮಾರು 3,250 ರೂಪಾಯಿ. ಧಾನ್ಯ ಬೇರೆ, ಅದನ್ನು ಕೇಂದ್ರ ಕೊಡುತ್ತೆ. ಹಾಲು, ಮೊಟ್ಟೆಯ ಖರ್ಚು ಇದರ ಮೇಲೆ ಸೇರುತ್ತೆ.

ಮೇಷ್ಟ್ರ ಸಂಬಳ, ಕಟ್ಟಡ, ಕರೆಂಟು ಹತ್ತು ಮಕ್ಕಳು ಹೆಚ್ಚಾದರೆಂದು ಏರೋದಿಲ್ಲ. ಮಕ್ಕಳಿಲ್ಲದೆ ಬೀಗ ಬೀಳೋ ಭಯದಲ್ಲಿರೋ ಹಳ್ಳಿ ಶಾಲೆಗೆ ಹತ್ತು ಹೆಸರು ಹಾಜರಿ ಪುಸ್ತಕಕ್ಕೆ ಬಂದರೆ ಅದರ ಲಾಭ ನಮ್ಮೂರ ಮಕ್ಕಳಿಗೂ ಇದೆ.

ಗಾರೆ ಕೆಲಸದವರ ಕಲ್ಯಾಣ ನಿಧಿ

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಸೌಲಭ್ಯದ ಬಗ್ಗೆಯೂ ದೂರಿದೆ. ಆ ದುಡ್ಡು ಸಾಮಾನ್ಯ ತೆರಿಗೆಯದ್ದಲ್ಲ. ಕಟ್ಟಡದ ವೆಚ್ಚದ ಶೇ. 1ರಷ್ಟು ಸೆಸ್‌ನಿಂದ ಬಂದದ್ದು. 50 ಲಕ್ಷದೊಳಗಿನ ಸ್ವಂತ ವಾಸದ ಮನೆಗೆ ಅದು ಇಲ್ಲ. ನೀವು ಪೇಟೆಯಲ್ಲಿ ಕಾಂಪ್ಲೆಕ್ಸ್ ಕಟ್ಟಿಸಿದ್ದರೆ ಅದರ ಸೆಸ್ ಇರೋದೇ ಆ ಗೋಡೆ ಎಬ್ಬಿಸಿದವರಿಗಾಗಿ.

ಇನ್ನು ಅಂಗಡಿಯವರು ತಮ್ಮ ಗಲ್ಲಾವನ್ನೇ ಒಮ್ಮೆ ನೋಡಿಕೊಳ್ಳಲಿ. ವಾರದ ಬಟವಾಡೆಯಾದ ದಿನ ಎಣ್ಣೆ, ಬೇಳೆ, ಸೋಪು, ಚಪ್ಪಲಿ, ಬೀಡಿ ಕೊಳ್ಳೋಕೆ ಬರೋರು ಯಾರು? ರಾಜ್ಯದೊಳಗಿನ ಮಾರಾಟಕ್ಕೆ ಬೀಳೋ ಜಿಎಸ್‌ಟಿಯಲ್ಲಿ ಅರ್ಧ ಕರ್ನಾಟಕದ ಖಜಾನೆಗೇ ಹೋಗುತ್ತೆ. ಅವರೂ ಇಲ್ಲಿ ತೆರಿಗೆ ಕಟ್ಟೋರೇ.

ಬೈಲಕುಪ್ಪೆ ಹೇಳೋದೇನು?

ನಿರಾಶ್ರಿತರ ಖರ್ಚು ಹೇಗಿರುತ್ತೆ ಅಂತ ನೋಡೋಕೆ ದೂರ ಹೋಗಬೇಕಿಲ್ಲ. ಹುಣಸೂರು, ಪಿರಿಯಾಪಟ್ಟಣ ದಾಟಿದರೆ ಬೈಲಕುಪ್ಪೆ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ, 1960ರಲ್ಲಿ ಅಂದಿನ ಮೈಸೂರು ಸರ್ಕಾರ ಅಲ್ಲಿ ಸುಮಾರು 3,000 ಎಕರೆ ಜಾಗ ಕೊಟ್ಟಿತು. ಅದು ಕಾಡು ಕಡಿದು ಉಳಬೇಕಾದ ನೆಲವಾಗಿತ್ತು. ದೇಶದಾದ್ಯಂತ ಇರೋ ಟಿಬೆಟಿಯನ್ ವಸತಿಗಳ ಆಡಳಿತ ಖರ್ಚಿಗೆ ಕೇಂದ್ರ 2015-16ರಿಂದ ಐದು ವರ್ಷಕ್ಕೆ ಕೊಟ್ಟದ್ದು 40 ಕೋಟಿ, ಅಂದರೆ ವರ್ಷಕ್ಕೆ 8 ಕೋಟಿ. ಇವತ್ತು ಗೋಲ್ಡನ್ ಟೆಂಪಲ್ ನೋಡೋಕೆ ಬರೋ ಜನರಿಂದ ಕುಶಾಲನಗರದ ಹೋಟೆಲು, ಆಟೋ, ಅಂಗಡಿಗಳಿಗೆ ಆಗೋ ವ್ಯಾಪಾರ ಎಷ್ಟು ಅಂತ ಅಲ್ಲಿನವರನ್ನೇ ಕೇಳಿ.

1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ನಂತರ ಶ್ರೀಲಂಕಾದಿಂದ ವಾಪಸಾದ ತಮಿಳರಿಗೆ ನಮ್ಮ ರಾಜ್ಯ ಸುಳ್ಯ, ಪುತ್ತೂರು ಕಡೆ ರಬ್ಬರ್ ತೋಟ ಬೆಳೆಸಿ ಕೆಲಸ ಕೊಟ್ಟಿತು. ಎರಡೂ ಕಡೆ ಸರ್ಕಾರ ಮೊದಲೇ ಜಾಗ, ಕೆಲಸ ಗೊತ್ತು ಮಾಡಿ ಖರ್ಚು ಮಾಡಿತ್ತು. ಹಾಗಾಗಿ ಹಳ್ಳಿ ಪಂಚಾಯಿತಿ ತಲೆ ಮೇಲೆ ಏಕಾಏಕಿ ಹೊರೆ ಬೀಳಲಿಲ್ಲ.

ಹಾಗಾದರೆ ಹೊರೆ ಇಲ್ಲವೇ?

ಇದೆ. ಅದು ಬೀಳ್ತಿರೋ ಜಾಗ ಬೇರೆ. ಕಟಾವಿನ ಕಾಲದಲ್ಲಿ ಊರಿಗೆ ನೂರು ಜನ ಹೆಚ್ಚಾದರೆ ಕುಡಿಯೋ ನೀರು, ಕಸ, ಚರಂಡಿ, ಶೌಚಾಲಯ ಎಲ್ಲ ಗ್ರಾಮ ಪಂಚಾಯಿತಿ ತಲೆಗೆ ಬರುತ್ತೆ. ಪಂಚಾಯಿತಿಗೆ ಬರೋ ಅನುದಾನವೋ 2011ರ ಜನಗಣತಿ ನೆಚ್ಚಿಕೊಂಡಿದ್ದು. ಆ ನೂರು ಜನ ಅದರಲ್ಲಿ ಇಲ್ಲ. ನೀರು ಸಾಲದೆ ಜಗಳ ಆಗೋದು ಇಲ್ಲೇ. ವಾಂತಿ–ಭೇದಿ ಶುರುವಾದರೆ ಅದು ಗುಡಿಸಲಿಗಷ್ಟೇ ನಿಲ್ಲೋದೂ ಇಲ್ಲ.

ಈ ಖರ್ಚು ಕೊಡಬೇಕಾದವರು ಯಾರು? ಅಂತರರಾಜ್ಯ ವಲಸೆ ಕಾರ್ಮಿಕರ 1979ರ ಕಾಯ್ದೆ, ಐದು ಮಂದಿಗಿಂತ ಕಮ್ಮಿ ಇಲ್ಲದ ಗುಂಪನ್ನು ಕರೆತಂದ ಗುತ್ತಿಗೆದಾರ ಅವರಿಗೆ ವಾಸದ ಜಾಗ, ಚಿಕಿತ್ಸೆ, ಊರಿಗೆ ಹೋಗಿಬರೋ ಖರ್ಚು ಕೊಡಬೇಕು ಅಂತ ಹೇಳಿತ್ತು. 2020ರ ಕಾರ್ಮಿಕ ಸಂಹಿತೆ ಆ ಐದನ್ನು ಹತ್ತಕ್ಕೆ ಏರಿಸಿತು. ಆರೇಳು ಜನ ಇರೋ ಆಲೆಮನೆ ಹಾಗಾಗಿ ಲೆಕ್ಕದಿಂದ ಹೊರಗೇ ಉಳಿಯುತ್ತೆ. ಬಳ್ಳಾರಿಯವರಿಗಂತೂ ರಾಜ್ಯದೊಳಗಿನವರು ಅಂತ ಆ ಕಾಯ್ದೆಯೇ ಅನ್ವಯಿಸುತ್ತಿರಲಿಲ್ಲ. ದುಡಿಸಿಕೊಳ್ಳೋರಿಗೆ ಕೂಲಿ ಅಗ್ಗವಾಯಿತು, ಉಳಿದ ಖರ್ಚು ಪಂಚಾಯಿತಿ ಪಾಲಿಗೆ ಬಂತು. ನಾವು ಬೈಯೋದು ಮಾತ್ರ ಗುಡಿಸಲಿನವರನ್ನ.

2020ರ ಮೇ ತಿಂಗಳು ಮರೆಯಬಾರದು

ನಮ್ಮ ತಾಲೂಕು, ನಾಗಮಂಗಲದ ಎಷ್ಟೋ ಮನೆಗಳ ಗಂಜಿ ಮುಂಬೈನಲ್ಲಿ ಬೆಂದಿದ್ದು. ಅಂದಿನ ನಮ್ಮ ಶಾಸಕ, ಸಚಿವ ಕೆ.ಸಿ. ನಾರಾಯಣಗೌಡರೇ ಅಲ್ಲಿ ಉದ್ಯಮ ನಡೆಸಿದವರು. ಲಾಕ್‌ಡೌನ್‌ನಲ್ಲಿ ಅಲ್ಲಿಂದ ನಮ್ಮವರು ವಾಪಸ್ ಬಂದಾಗ ಹಾಸ್ಟೆಲು, ಶಾಲೆಗಳಲ್ಲಿ ಕ್ವಾರಂಟೈನ್ ಮಾಡಿ ಸರ್ಕಾರ ಊಟ, ಪರೀಕ್ಷೆ, ಚಿಕಿತ್ಸೆ ಕೊಟ್ಟಿತು. ಜಿಲ್ಲೆಯಲ್ಲಿ ಪ್ರಕರಣ ಏರುತ್ತಿದ್ದಾಗ ‘ಯಾಕಾದ್ರೂ ಬಂದ್ರೋ’ ಅಂದೋರೂ ಇದ್ದರು. ಮೇ 18ರಂದು ಮಹಾರಾಷ್ಟ್ರ ಸೇರಿ ನಾಲ್ಕು ರಾಜ್ಯದಿಂದ ಬರೋರನ್ನ ತಿಂಗಳ ಕೊನೆವರೆಗೆ ತಡೆದವರು ಇದೇ ತಾಲೂಕಿನ ಬೂಕನಕೆರೆಯವರಾದ ಮುಖ್ಯಮಂತ್ರಿ ಯಡಿಯೂರಪ್ಪ. ಗಡಿ ಆಚೆ ನಿಂತವರಲ್ಲಿ ನಮ್ಮವರೂ ಇದ್ದರು. ವರ್ಷಗಟ್ಟಲೆ ದುಡಿದ ಊರಿನಲ್ಲಿ ಹೊರಗಿನವರು, ಹುಟ್ಟಿದ ಊರಿಗೆ ಬಂದರೆ ಅಲ್ಲೂ ಹೊರಗಿನವರು ಅನ್ನೋ ಪಾಡು ನಮಗೆ ಗೊತ್ತಿಲ್ಲದ್ದಲ್ಲ.

ಗ್ರಾಮಸಭೆಯಲ್ಲಿ ಕೇಳಬೇಕಾದ್ದು

ಮುಂದಿನ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ಈ ಸಲ ಎಷ್ಟು ಕೂಲಿಯವರು ಬಂದಿದ್ದಾರೆ, ಕರೆತಂದ ಮೇಸ್ತ್ರಿ ಯಾರು ಅನ್ನೋ ಪಟ್ಟಿ ಪಂಚಾಯಿತಿ ಹತ್ತಿರ ಇದೆಯಾ? ಅವರ ನೀರು, ಶೌಚಾಲಯದ ಖರ್ಚಿಗೆ ಕಬ್ಬು ಕಡಿಸೋರು, ಆಲೆಮನೆಯವರು, ಕಟ್ಟಡದ ಗುತ್ತಿಗೆದಾರರು ಎಷ್ಟು ಕೊಡ್ತಾರೆ? ಅವರ ಮಕ್ಕಳು ಶಾಲೆ, ಅಂಗನವಾಡಿಗೆ ಸೇರಿದ್ದಾರಾ?

ಇನ್ನೊಂದು ವಿಷಯ. ಮುಂದಿನ ಜನಗಣತಿಯ ತಲೆ ಎಣಿಕೆ 2027ರ ಫೆಬ್ರವರಿಯಲ್ಲಿ. ಎಣಿಕೆಯ ಅಷ್ಟೂ ದಿನ ಊರು ಬಿಟ್ಟಿದ್ದವರನ್ನು ಅವರು ಸಿಕ್ಕ ಜಾಗದಲ್ಲೇ ಬರೆದುಕೊಳ್ಳೋದು ನಮ್ಮ ಗಣತಿಯಲ್ಲಿ ನಡೆದುಬಂದ ಪದ್ಧತಿ. ಗುಡಿಸಲಿನವರ ಹೆಸರು ಬಿಡಿಸದೆ ಬರೆಸಿದರೆ ಅವರಿಗಾಗೋ ಖರ್ಚಿಗೆ ನಾಳೆ ಅನುದಾನ ಕೇಳೋಕೆ ಪಂಚಾಯಿತಿ ಕೈಯಲ್ಲಿ ಒಂದು ದಾಖಲೆ ಇರುತ್ತೆ.